ಗಿಟಾರಿಗೆ ನಮ್ಮೂರ ಕಟ್ಟಿಗೆ ಸಾಕು

ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡಿಸಿಕೊಳ್ಳಬೇಕು ಎನ್ನುವ ಇಬ್ಬರು ಮೂವರು ಗೆಳೆಯರಿದ್ದಾರೆ. ಒಳ್ಳೆಯದನ್ನು ಅಂಗಡಿಯಲ್ಲಿ ಕೊಳ್ಳಲು ದುಡ್ಡಿಲ್ಲ, ಮಾಡಿಸಿದರೆ ಅಗ್ಗವಾದೀತು ಎಂಬುದು ಅವರ ಲೆಕ್ಕ. ಆದರೆ ವಿಚಾರಿಸಲು ಹೋದಲ್ಲೆಲ್ಲ ಸಿಗುವ ಉತ್ತರ ಒಂದೇ: "ಫಾರಿನ್ ಕಟ್ಟಿಗೆ ತರಿಸು, ಇಲ್ಲಾಂದ್ರೆ ಬೀಟೆ ಹಾಕಿಸು. ಇಲ್ಲದಿದ್ರೆ ಸ್ವರ ಬರೋದಿಲ್ಲ." ರಜೆಯಲ್ಲಿ ದುಡಿದು ಕೂಡಿಟ್ಟ ಹಣವೆಲ್ಲ ಕಟ್ಟಿಗೆಗೇ ಹೋದರೆ ಗಿಟಾರ್ ಅರ್ಧಕ್ಕೆ ನಿಲ್ಲುತ್ತದೆ. ಈ ಸಲಹೆ ತಪ್ಪು ಎಂಬುದು ನನ್ನ ಅಭಿಪ್ರಾಯ.

ಮೊದಲು ಸ್ವರ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಪಕ್ಕದ ಕುಂದಗೋಳ ಸವಾಯಿ ಗಂಧರ್ವರ ಊರು, ಅವರ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರು ನಡೆದಾಡಿದ ಊರು. ಖಾನ್ ಸಾಹೇಬರು ನೆಲೆಸಿದ್ದ ಮಿರಜದಲ್ಲಿ ತಂಬೂರಿ, ಸಿತಾರ್ ಮಾಡುವ ಮುಸ್ಲಿಂ ಕುಶಲಕರ್ಮಿಗಳ ಮನೆತನಗಳಿವೆ. ಅವರ ವಾದ್ಯಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅವರು ಬುರುಡೆಯನ್ನೂ ತೂನ್ ಎಂಬ ಹಗುರ ಕಟ್ಟಿಗೆಯನ್ನೂ ಆರಿಸಿ ಆರಿಸಿ ತೆಗೆದುಕೊಳ್ಳುತ್ತಾರೆ. ಅದು ಸರಿಯೇ, ಏಕೆಂದರೆ ತಂಬೂರಿಯಲ್ಲಿ ತಂತಿಯ ನಾದವನ್ನು ದೊಡ್ಡದು ಮಾಡುವುದು ಆ ಬುರುಡೆ ಮತ್ತು ಕಟ್ಟಿಗೆಯೇ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಗಲ್ಲ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿದ ಪಿಕಪ್ ಇರುತ್ತದೆ. ಮೇಲಿನ ತಂತಿ ಕಂಪಿಸಿದಾಗ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ, ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಕಟ್ಟಿಗೆಯ ಮುಖ್ಯ ಕೆಲಸ ಇವೆಲ್ಲವನ್ನೂ ಗಟ್ಟಿಯಾಗಿ ಹಿಡಿದಿಡುವುದು.

ಕಟ್ಟಿಗೆಯಿಂದ ಸ್ವರ ಬದಲಾಗುತ್ತದೆ ಎಂದು ವಾದಿಸುವ ಹಳೆಯ ವಾದಕರಿದ್ದಾರೆ. ಆದರೆ 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಮಾಡಿದ ಪರೀಕ್ಷೆಯನ್ನು ನೋಡಿ. ಹಿಂಬದಿಯ ಕಟ್ಟಿಗೆ ಮಾತ್ರ ಬೇರೆ ಬೇರೆ ಇದ್ದ 6 ಅಕೂಸ್ಟಿಕ್ ಗಿಟಾರುಗಳನ್ನು 52 ವಾದಕರಿಗೆ ಕಾಣದಂತೆ ಕೊಟ್ಟು ನುಡಿಸಲು ಹೇಳಿದರು. ದುಬಾರಿ ಕಟ್ಟಿಗೆಗೂ ಅಗ್ಗದ ಕಟ್ಟಿಗೆಗೂ ಅವರು ಕೊಟ್ಟ ಅಂಕಗಳಲ್ಲಿ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಪಿಕಪ್ ಇಲ್ಲದ ಗಿಟಾರಿನ ಕಥೆಯೇ ಹೀಗಿದ್ದರೆ, ಎಲೆಕ್ಟ್ರಿಕ್ ಗಿಟಾರಿಗೆ ಸಾಲ ಮಾಡಿ ಬೀಟೆ ಹಾಕಿಸಬೇಕೆ?

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ವಿಷಯ ಕಾಣುತ್ತದೆ. ಅಮೆರಿಕದ ಲಿಯೋ ಫೆಂಡರ್ ತಮ್ಮ ಮೊದಮೊದಲ ಮಾದರಿಗೆ ಬಳಸಿದ್ದು ಪೈನ್ ಕಟ್ಟಿಗೆ. ಆಮೇಲೆ ಆಶ್ ಬಂತು, 1956ರ ಸುಮಾರಿಗೆ ಆಲ್ಡರ್ ಬಂತು. ಎಲ್ಲವೂ ಅವರ ಕಡೆ ಸುಲಭವಾಗಿ ಸಿಗುತ್ತಿದ್ದ ಕಟ್ಟಿಗೆಗಳೇ. ಹುಳುಬಾಧೆಯಿಂದ ಆಶ್ ಸಿಗುವುದು ಕಷ್ಟವಾದಾಗ, 2020ರಲ್ಲಿ ಆ ಕಂಪನಿ ಹೆಚ್ಚಿನ ಮಾದರಿಗಳಲ್ಲಿ ಅದನ್ನೂ ಕೈಬಿಟ್ಟಿತು. ಅವರು ತಮ್ಮ ಊರಿನ ಪೇಟೆ ನೋಡಿ ಕಟ್ಟಿಗೆ ಆರಿಸಿದರು. ನಾವು ಮಾತ್ರ ಅವರ ಪೇಟೆಯ ಕಟ್ಟಿಗೆಯೇ ಬೇಕು ಎಂದು ಹಟ ಹಿಡಿಯುತ್ತೇವೆ.

ಹಾಗಾದರೆ ನಮ್ಮ ಪೇಟೆಯಲ್ಲಿ ಏನಿದೆ? ಎರೆಹೊಲದ ಜಾಲಿ ಗಟ್ಟಿ, ಬಂಡಿ ಗಾಲಿಗೆ ಸರಿ, ಆದರೆ ಎರಡು ತಾಸು ಹೆಗಲಿಗೆ ಹಾಕಿಕೊಳ್ಳಲು ಬಲು ಭಾರ. ಬೀಟೆಯೂ ಅಷ್ಟೇ ಭಾರ, ಮೇಲಾಗಿ ಆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೇವು ನಡೆಯುತ್ತದೆ, ಸ್ವಲ್ಪ ತೂಕ ಜಾಸ್ತಿ. ರೈತರು ಈಗ ಬೆಳೆಸುತ್ತಿರುವ ಹೆಬ್ಬೇವು ಹಗುರ, ಆದರೆ ಮೆದು, ಬೇಗ ತಗ್ಗು ಬೀಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹಳೆಯ ಸಾಗವಾನಿ. ಕಲಘಟಗಿಯ ತೊಟ್ಟಿಲು ಮಾಡುವುದೂ ಸಾಗವಾನಿಯಲ್ಲೇ. ಹಳೆಯ ಮನೆ ಕೆಡವಿದಾಗ ಬರುವ ತೊಲೆ, ಬಾಗಿಲ ಚೌಕಟ್ಟು ಹತ್ತಾರು ವರ್ಷ ಒಣಗಿರುತ್ತದೆ, ಇನ್ನು ಸೊಟ್ಟಗಾಗುವ ಭಯ ಕಡಿಮೆ.

ಬಡಿಗತನ ಮಾಡುವ ನಮ್ಮ ಚಾಚಾ ಯಾವ ಕೆಲಸಕ್ಕಾದರೂ ಮೊದಲು ಕೇಳುವುದು, "ಲಕಡಿ ಸೂಖೀ ಹೈ ಕ್ಯಾ?" ಎಂದು. ಒಣಗಿದೆಯೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ, ಜಾತಿ ಯಾವುದು ಎಂಬುದು ಆಮೇಲೆ. ಗೆದ್ದಲು ತಿಂದಿದೆಯೇ, ಬಿರುಕಿದೆಯೇ, ಒಳಗೆ ಮೊಳೆ ಉಳಿದಿದೆಯೇ, ಸ್ಕ್ರೂ ಗಟ್ಟಿಯಾಗಿ ಕೂರುತ್ತದೆಯೇ ಎಂದೂ ನೋಡಬೇಕು. ಗಿಟಾರಿನ ಒಡಲಿಗೆ 20 ಇಂಚು ಉದ್ದ, 14 ಇಂಚು ಅಗಲ, ಪೌಣೆ ಎರಡು ಇಂಚು ದಪ್ಪದ ಹಲಗೆ ಸಾಕು. ಲೆಕ್ಕ ಹಾಕಿದರೆ 0.28 ಘನ ಅಡಿ ಮಾತ್ರ. ಅಷ್ಟು ಅಗಲದ ತುಂಡು ಸಿಗದಿದ್ದರೆ ಎರಡು ಮೂರು ತುಂಡು ಅಂಟಿಸಬಹುದು, ದೊಡ್ಡ ಕಂಪನಿಗಳೂ ಹಾಗೆ ಮಾಡುತ್ತವೆ. ಉಳಿದ ಹಣವನ್ನು ಪಿಕಪ್ಪಿಗೆ ಮತ್ತು ಒಳ್ಳೆಯ ನೆಕ್ಕಿಗೆ ಹಾಕಿ. ನೆಕ್ ಸೊಟ್ಟಗಾದರೆ ಸ್ವರವೇ ತಪ್ಪುತ್ತದೆ, ಅಲ್ಲಿ ಜಿಪುಣತನ ಬೇಡ.

ಇದು ಬಡವರ ಸಮಾಧಾನದ ಮಾತು ಎನ್ನುವವರಿಗೆ ಒಂದು ಉದಾಹರಣೆ. ಕ್ವೀನ್ ತಂಡದ ಬ್ರಿಯಾನ್ ಮೇ 1963ರಲ್ಲಿ, 16ನೇ ವಯಸ್ಸಿನಲ್ಲಿ, ತಂದೆಯ ಜೊತೆ ಮನೆಯಲ್ಲೇ ಗಿಟಾರ್ ಮಾಡಲು ಕೂತರು. ನೆಕ್ಕಿಗೆ ಹಳೆಯ ಬೆಂಕಿಗೂಡಿನ ಪಟ್ಟಿ, ಒಡಲಿಗೆ ಹಳೆಯ ಮೇಜಿನ ಓಕ್ ಮತ್ತು ಬ್ಲಾಕ್‌ಬೋರ್ಡ್. ಅದೇ ಗಿಟಾರನ್ನು ಅವರು ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನುಡಿಸಿದರು.

ಆದ್ದರಿಂದ ಗೆಳೆಯರೇ, ಕಟ್ಟಿಗೆಗಾಗಿ ಸಾಲ ಮಾಡಬೇಡಿ. ಮನೆಯವರು ಹಳೆಯ ತೊಲೆಯನ್ನು ಒಲೆಗೆ ಹಾಕುವ ಮುಂಚೆ ಒಮ್ಮೆ ಕೇಳಿ. ಊರಿನ ಬಡಿಗರಿಗೆ ನಕ್ಷೆ ತೋರಿಸಿ, ಅವರ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ.