ಕಂದೀಲಿನ ಮಸಿ, ನಕ್ಷತ್ರದ ಮಸಿ

ಕರೆಂಟು ಹೋದ ರಾತ್ರಿ ಕಂದೀಲು ಹಚ್ಚಿದಾಗ ಬತ್ತಿ ತುಸು ಹೆಚ್ಚು ಮೇಲೆದ್ದರೆ ಗಾಜಿಗೆ ಮಸಿ ಹಿಡಿಯುತ್ತದೆ. ಒಳಗೆ ದೀಪ ಉರಿಯುತ್ತಲೇ ಇರುತ್ತದೆ, ಹೊರಗೆ ಮಾತ್ರ ಕತ್ತಲು. ಆಕಾಶದಲ್ಲೂ ಹೀಗೆ ಮಸಿ ಹಿಡಿಯುವ ನಕ್ಷತ್ರಗಳಿವೆ ಎಂದರೆ ನಂಬುತ್ತೀರಾ?

ಮೇ ತಿಂಗಳ ಕೊನೆಯ ವಾರ ರಾತ್ರಿ ಹನ್ನೊಂದರ ಸುಮಾರಿಗೆ ಕೋಟನೂರದಲ್ಲಿ ಮಾಳಿಗೆ ಏರಿ ನೋಡಿ. ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದ ಸ್ವಾತಿ ನಕ್ಷತ್ರ ಹೊಳೆಯುತ್ತಿರುತ್ತದೆ. ಅದರ ಈಶಾನ್ಯಕ್ಕೆ ಅರ್ಧ ಬಳೆಯಂತೆ ಬಾಗಿರುವ ಚುಕ್ಕಿಗಳ ಸಾಲೇ ಉತ್ತರ ಕಿರೀಟ. ಆ ಬಾಗಿನೊಳಗೆ 'ಆರ್ ಕರೋನೆ ಬೊರಿಯಾಲಿಸ್' ಎಂಬ ಮುಪ್ಪಿನ ನಕ್ಷತ್ರವಿದೆ. ಅದನ್ನು ಕಾಣಲು ದುರ್ಬೀನು ಬೇಕು. ಇದ್ದಕ್ಕಿದ್ದಂತೆ ಅದು ಮಂಕಾಗುತ್ತದೆ. 2007ರಲ್ಲಿ ಮಂಕಾದದ್ದು ಮತ್ತೆ ಮೊದಲಿನಂತೆ ಬೆಳಗಲು ಹಲವು ವರ್ಷ ಹಿಡಿಯಿತು. ಕಾರಣ, ಅದೇ ಉಗುಳಿದ ಇಂಗಾಲದ ಮಸಿ!

ಇಂಗಾಲ ತುಂಬಿದ ಮುದಿ ನಕ್ಷತ್ರಗಳ ಸುತ್ತಲಿನ ಅನಿಲದಲ್ಲಿ ಉದ್ದುದ್ದ ಇಂಗಾಲದ ಸರಪಳಿಗಳು ಹೇಗೆ ಹುಟ್ಟುತ್ತವೆ? ಬ್ರಿಟನ್ನಿನ ಹ್ಯಾರಿ ಕ್ರೋಟೊ ಅವರನ್ನು ಕಾಡಿದ ಪ್ರಶ್ನೆ ಇದು. 1985ರಲ್ಲಿ ಅವರು ಅಮೆರಿಕದ ಸ್ಮಾಲಿ ಮತ್ತು ಕರ್ಲ್ ಜೊತೆಗೂಡಿ ಹೀಲಿಯಂ ಅನಿಲದಲ್ಲಿ ಗ್ರಾಫೈಟನ್ನು ಲೇಸರ್‌ನಿಂದ ಆವಿ ಮಾಡಿದರು. ಸಿಕ್ಕಿದ್ದು 60 ಇಂಗಾಲದ ಪರಮಾಣುಗಳ, ಫುಟ್‌ಬಾಲ್ ಆಕಾರದ ಅಣು. ಇದಕ್ಕಾಗಿ 1996ರಲ್ಲಿ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು.

ಹಾಗಾದರೆ ಈ ಚೆಂಡು ಆಕಾಶದಲ್ಲಿ ಎಲ್ಲಿ ಸಿಗಬೇಕು? ಮೇಲೆ ಹೇಳಿದ ಜಾತಿಯ ನಕ್ಷತ್ರಗಳಲ್ಲಿ ಹೀಲಿಯಂ, ಇಂಗಾಲ ಧಾರಾಳ. ಜಲಜನಕ ಇಲ್ಲವೆನ್ನುವಷ್ಟು ಕಡಿಮೆ. ಥೇಟ್ ಪ್ರಯೋಗಶಾಲೆಯದೇ ಸ್ಥಿತಿ. ಅಲ್ಲೇ ಸಿಗಬೇಕು ಎಂದುಕೊಂಡವರಿದ್ದರು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್, ಸ್ಪೇನಿನ ಗಾರ್ಸಿಯಾ ಹೆರ್ನಾಂಡೆಸ್ ಮತ್ತು ಅಮೆರಿಕದ ಡೇವಿಡ್ ಲ್ಯಾಂಬರ್ಟ್ ಇದನ್ನು ಪರೀಕ್ಷಿಸಿದರು. ದನಿ ಕೇಳಿಯೇ ಪರಿಚಿತರನ್ನು ಗುರುತಿಸುತ್ತೇವಲ್ಲ, ಹಾಗೆಯೇ ಪ್ರತಿ ಅಣುವಿಗೂ ಅದರದೇ ಅವಕೆಂಪು ಕಿರಣಗಳ ಗುರುತು ಇದೆ. ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ ಹಿಡಿದ ಕಿರಣಗಳಲ್ಲಿ ಅವರು ಆ ಗುರುತನ್ನು ಹುಡುಕಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚಿನ ನಕ್ಷತ್ರಗಳಲ್ಲಿ ಚೆಂಡಿನ ಸುಳಿವೇ ಇಲ್ಲ! ಒಂದರಲ್ಲಿ ಕಂಡಿತು, ಇನ್ನೊಂದರಲ್ಲಿ ಇರಬಹುದು ಎನಿಸಿತು. ಆ ಗುಂಪಿನಲ್ಲಿ ತುಸು ಹೆಚ್ಚು ಜಲಜನಕ ಉಳಿಸಿಕೊಂಡಿರುವ ನಕ್ಷತ್ರಗಳೇ ಆ ಎರಡು. ಜಲಜನಕ ಬೆರೆತ ಇಂಗಾಲದ ಕಣಗಳು ಒಡೆದಾಗ ಚೆಂಡು ಹುಟ್ಟುತ್ತಿರಬಹುದು ಎಂಬುದು ಅವರ ಊಹೆ.

ನಿರೀಕ್ಷೆ ಸುಳ್ಳಾಯಿತು. ಅದನ್ನು ಮುಚ್ಚಿಡದೆ ಬರೆದದ್ದರಿಂದಲೇ ಹೊಸ ದಾರಿ ತೋರಿತು.

ಪಾಲಕರೇ, ಶಿಕ್ಷಕರೇ, ಮಕ್ಕಳ ಪ್ರಯೋಗದ ಉತ್ತರ ಪುಸ್ತಕಕ್ಕೆ ತಾಳೆಯಾಗದಿದ್ದರೆ ಅಳಿಸಿ 'ಸರಿಯಾದ' ಅಂಕಿ ಬರೆಸುವ ರೂಢಿ ನಮ್ಮಲ್ಲಿ ಕಡಿಮೆಯೇನಿಲ್ಲ. ದಯವಿಟ್ಟು ಅಳಿಸಬೇಡಿ. ಇನ್ನೊಮ್ಮೆ ಪ್ರಯೋಗ ಮಾಡಿಸಿ; ಆಗಲೂ ಅದೇ ಉತ್ತರ ಬಂದರೆ, ಏಕೆ ಹೀಗಾಯಿತು ಎಂದು ಮಗುವಿನ ಜೊತೆ ಕೂತು ಯೋಚಿಸಿ.