ನೂರಕ್ಕೆ ಮೂರೂವರೆ



ಈ ಬಾರಿ ಹಳೆಯ ನೆನಪುಗಳ ಬದಲು ಒಂದು ಜಗಳವನ್ನು ಆಡಬೇಕೆಂದಿದ್ದೇನೆ. ಜಗಳ ನನ್ನ ವಯಸ್ಸಿನವರೊಡನೆ. ಅವರಲ್ಲಿಯೂ ಮೊದಲು ನನ್ನೊಡನೆಯೇ.

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನನ್ನಿಂದ ಎರಡು ಮಾತು ಆಡಿಸಿದಿರಿ. ನಾನು ಇಪ್ಪತ್ತು ನಿಮಿಷ ಮಾತಾಡಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಮರೆತ ಪೀಳಿಗೆ ಎಂದೆ. ಜೇಬಿನಲ್ಲಿ ಹಣವಿಲ್ಲದೆ ಕಾರ್ಡನ್ನು ಉಜ್ಜಿ ಸಾಮಾನು ತರುವವನಿಗೂ ಅಲ್ಲಾವುದ್ದೀನನಿಗೂ ವ್ಯತ್ಯಾಸವೇನು ಎಂದು ಕೇಳಿದೆ. ಅಲ್ಲಾವುದ್ದೀನನ ಭೂತ ತಿಂಗಳ ಕೊನೆಗೆ ಬಿಲ್ಲು ಕಳುಹಿಸುತ್ತಿರಲಿಲ್ಲ ಎಂದು ನಾನೇ ಉತ್ತರವನ್ನೂ ಕೊಟ್ಟೆ. ಎಲ್ಲರೂ ನಕ್ಕರು. ನಾನು ಸಂತುಷ್ಟನಾಗಿ ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ಕಳೆದ ತಿಂಗಳು ಅಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದವನೊಬ್ಬ ನಮ್ಮ ಮನೆಗೆ ಬಂದ. ಹೆಸರು, ಊರು, ಉದ್ಯೋಗ ಯಾವುದನ್ನೂ ಬರೆಯುವುದಿಲ್ಲ. ಬರೆಯಲು ಅವನ ಅನುಮತಿ ಪಡೆದಿದ್ದೇನೆ ಎಂದಷ್ಟೇ ಹೇಳುತ್ತೇನೆ. ಕಾಫಿ ಕುಡಿದ. ನಮ್ಮ ತೆಂಗಿನ ಮರಗಳ ವಿಷಯ ಮಾತಾಡಿದ. ಹೊರಡುವ ಹೊತ್ತಿಗೆ ಚಪ್ಪಲಿ ಮೆಟ್ಟುತ್ತ, ತಲೆ ಎತ್ತದೆ, “ಸಾರ್, ಒಂದಿಷ್ಟು ಹಣ ಸಿಗಬಹುದೇ?” ಎಂದ. ಒಳಗೆ ಕರೆದು ಮತ್ತೆ ಕುಳ್ಳಿರಿಸಿದೆ. ಅವನ ತಂದೆಯ ಚಿಕಿತ್ಸೆಗೆ ವಿಮೆಯ ಹಣ ಸಾಲದೆ, ಆಸ್ಪತ್ರೆಯ ಕಟ್ಟೆಯ ಮುಂದೆ ನಿಂತು, ಕ್ರೆಡಿಟ್ ಕಾರ್ಡಿನಲ್ಲಿ ಒಂದು ಲಕ್ಷ ರೂಪಾಯಿ ಕೊಟ್ಟಿದ್ದನಂತೆ. ಆ ದಿನದಿಂದ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನೆ. ಒಂದು ಬೆಂಕಿಪೊಟ್ಟಣವನ್ನೂ ಅದರಲ್ಲಿ ಕೊಂಡಿಲ್ಲ. ಪ್ರತಿ ತಿಂಗಳೂ ಬ್ಯಾಂಕು ಹೇಳಿದ “ಕನಿಷ್ಠ ಮೊತ್ತ”ವನ್ನು ತಪ್ಪದೆ ಕಟ್ಟಿದ್ದಾನೆ. “ಒಂದು ತಿಂಗಳೂ ತಪ್ಪಿಸಿಲ್ಲ ಸಾರ್. ಆದರೂ ಸಾಲ ಏಕೆ ತೀರುತ್ತಿಲ್ಲ?” ಎಂದು ಕೇಳಿದ. ನನ್ನ ಬಳಿ ಗಣಿತದಲ್ಲಿ ತೊಂಬತ್ತೆರಡು ಅಂಕ ತೆಗೆದ ಹುಡುಗ ಅವನು.

ಪೆನ್ಸಿಲು ಹಿಡಿದು ಕುಳಿತೆವು. ಆ ಲೆಕ್ಕವನ್ನು ನೀವೂ ಮಾಡಿ ನೋಡಿ.

ತಿಂಗಳಿಗೆ ಶೇಕಡಾ 3.5 ಬಡ್ಡಿ. ಒಂದು ಲಕ್ಷಕ್ಕೆ 3,500 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ 630 ರೂಪಾಯಿ. ಕೊಡಬೇಕಾದದ್ದು 1,04,130 ಆಯಿತು. ಇದರಲ್ಲಿ ಶೇಕಡಾ ಐದರಷ್ಟು, ಅಂದರೆ 5,206 ರೂಪಾಯಿ ಕಟ್ಟಿದರೆ ಸಾಕು, ನೀವು ಒಳ್ಳೆಯ ಗ್ರಾಹಕರು. ಆದರೆ ಅಸಲಿನಲ್ಲಿ ಇಳಿದದ್ದೆಷ್ಟು? ಕೇವಲ 1,076 ರೂಪಾಯಿ. ಮುಂದಿನ ತಿಂಗಳು ಕನಿಷ್ಠ ಮೊತ್ತವೂ ಸ್ವಲ್ಪ ಇಳಿಯುತ್ತದೆ, ಅದರೊಂದಿಗೆ ಅಸಲು ಇಳಿಯುವ ವೇಗವೂ ಇಳಿಯುತ್ತದೆ. ಹೀಗೆ ಎರಡು ವರ್ಷ ಕಟ್ಟಿದವನು ಒಟ್ಟು ಸುಮಾರು 1,10,600 ರೂಪಾಯಿ ಕೊಟ್ಟಿರುತ್ತಾನೆ. ಇನ್ನೂ ಸುಮಾರು 77,100 ರೂಪಾಯಿ ಉಳಿದಿರುತ್ತದೆ.

ಇದೇ ಒಂದು ಲಕ್ಷವನ್ನು ವರ್ಷಕ್ಕೆ ಶೇಕಡಾ 16ರ ದರದಲ್ಲಿ ಎರಡು ವರ್ಷದ ಸಾಲವಾಗಿ ಪಡೆದಿದ್ದರೆ ತಿಂಗಳ ಕಂತು 4,896 ರೂಪಾಯಿ. ಅವನು ಮೊದಲ ತಿಂಗಳು ಕಟ್ಟಿದ ಕನಿಷ್ಠ ಮೊತ್ತಕ್ಕಿಂತಲೂ ಕಡಿಮೆ! ಒಟ್ಟು ಕೊಡಬೇಕಾದದ್ದು ಸುಮಾರು 1,17,500, ಉಳಿಯುವುದು ಸೊನ್ನೆ. ಎರಡೂ ದಾರಿಯಲ್ಲಿ ಜೇಬಿನಿಂದ ಹೋದದ್ದು ಹೆಚ್ಚುಕಡಿಮೆ ಒಂದೇ. ಒಂದು ದಾರಿಯ ಕೊನೆಯಲ್ಲಿ ಬಿಡುಗಡೆಯಿದೆ, ಇನ್ನೊಂದರ ಕೊನೆಯಲ್ಲಿ 77,000 ರೂಪಾಯಿ ಸಾಲವಿದೆ.

“ಇದನ್ನು ಮೊದಲೇ ಬಂದು ಕೇಳಬಾರದಿತ್ತೇನಯ್ಯಾ?” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಮಾವೇಶದ ದಿನ ಕೇಳೋಣವೆಂದೇ ಬಂದಿದ್ದೆ ಸಾರ್. ನಿಮ್ಮ ಭಾಷಣ ಕೇಳಿದ ಮೇಲೆ ಧೈರ್ಯ ಬರಲಿಲ್ಲ” ಎಂದ. ಹೆಂಡತಿಗೂ ಹೇಳಿರಲಿಲ್ಲ.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಅಲ್ಲಾವುದ್ದೀನನ ಹಾಸ್ಯಕ್ಕೆ ಆ ಹುಡುಗ ತೆತ್ತ ಬೆಲೆ ಸುಮಾರು 70,000 ರೂಪಾಯಿ.

ಆದ್ದರಿಂದ ನನ್ನ ವಾದವನ್ನು ನೇರವಾಗಿಯೇ ಹೇಳುತ್ತೇನೆ. ಕಾರ್ಡಿನ ಸಾಲಕ್ಕೆ ಬೀಳುವವರೆಲ್ಲ ಆಡಂಬರಪ್ರಿಯರು, ಸೋಮಾರಿಗಳು, ದುಂದುಗಾರರು ಎಂದು ನಾವು ಹಿರಿಯರು ಮಾಡುವ ಉಪದೇಶ ಅರ್ಧ ಸುಳ್ಳು. ಅಷ್ಟೇ ಅಲ್ಲ, ಅಪಾಯಕಾರಿ. ಬಡ್ಡಿ ಬೆಳೆಯುವುದು ಮೌನದಲ್ಲಿ. ಆ ಮೌನವನ್ನು ಕಾಯುವುದು ನಾಚಿಕೆ. ಆ ನಾಚಿಕೆಯನ್ನು ಬಿತ್ತಿದವರು ನಾವು.

ನಮ್ಮ ಕಾಲವೇನು ಸಾಲವಿಲ್ಲದ ಕಾಲವಾಗಿತ್ತೇ? 1968ರಲ್ಲಿ ನಮ್ಮ ತಂದೆ ಬಾವಿ ತೋಡಿಸಲು ಊರಿನ ಸಾಹುಕಾರರಿಂದ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಸಾಲ ತಂದಿದ್ದರು. ಹಳ್ಳಿಯ ಲೆಕ್ಕದಲ್ಲಿ ಬಡ್ಡಿಯೆಂದರೆ ತಿಂಗಳಿಗೆ, ನೂರಕ್ಕೆ. ಆ ಸಾಹುಕಾರರನ್ನು ಊರೆಲ್ಲ ತಿಗಣೆಯೆಂದು ಕರೆಯುತ್ತಿತ್ತು. ಮೀಟರ್ ಬಡ್ಡಿಯ ಹಾವಳಿ ಮಿತಿಮೀರಿದಾಗ ನಮ್ಮ ರಾಜ್ಯ 2004ರಲ್ಲಿ ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯಿದೆಯನ್ನೇ ತಂದಿತು. ಆದರೆ ಹೊಳೆಯುವ ಕಾಗದದಲ್ಲಿ, ಶೇಕಡಾ ಚಿಹ್ನೆಯ ಹಿಂದೆ, ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಬಂದು ನಿಂತಾಗ ನಮ್ಮಲ್ಲಿ ಯಾರಿಗೂ ಅದರ ಗುರುತು ಹತ್ತಲಿಲ್ಲ. ಅಜ್ಜಿಯ ಭಾಷೆಯಲ್ಲಿ “ನೂರಕ್ಕೆ ಮೂರೂವರೆ” ಎಂದು ಬರೆದಿದ್ದರೆ ಹಳ್ಳಿಯ ಹುಡುಗನೊಬ್ಬನೂ ಅದನ್ನು ಮುಟ್ಟುತ್ತಿರಲಿಲ್ಲ. ವರ್ಷಕ್ಕೆ ಅದು ಶೇಕಡಾ 42. ಚಕ್ರಬಡ್ಡಿಯಾಗಿ ಲೆಕ್ಕ ಹಾಕಿದರೆ 51.

ಇಲ್ಲಿ ಉಪಾಧ್ಯಾಯನಾದ ನನ್ನ ತಪ್ಪೊಪ್ಪಿಗೆಯೂ ಇದೆ. ಮೂವತ್ನಾಲ್ಕು ವರ್ಷ ಚಕ್ರಬಡ್ಡಿ ಕಲಿಸಿದೆ. “ರಾಮನು ಶ್ಯಾಮನಿಂದ 5,000 ರೂಪಾಯಿಗಳನ್ನು ಸಾಲ ಪಡೆದನು” ಎಂಬ ಲೆಕ್ಕವನ್ನು ಎಷ್ಟು ಸಾವಿರ ಸಲ ಕರಿಹಲಗೆಯ ಮೇಲೆ ಬರೆದೆನೋ! ಆದರೆ ರಾಮನು ಪ್ರತಿ ತಿಂಗಳೂ ಸ್ವಲ್ಪಸ್ವಲ್ಪವೇ ಕಟ್ಟಿದರೆ ಏನಾಗುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಪಕ್ಕದ ಕೊಠಡಿಯಲ್ಲಿ ಕನ್ನಡ ಪಂಡಿತರು ಸರ್ವಜ್ಞನ ಸಾಲದ ತ್ರಿಪದಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹುಡುಗರಿಗೆ ಸಾಲದ ಭಯವನ್ನು ಅವರು ಕೊಟ್ಟರು, ಸೂತ್ರವನ್ನು ನಾನು ಕೊಟ್ಟೆ. ಎರಡನ್ನೂ ಸೇರಿಸಿ ಓದುವ ಬುದ್ಧಿಯನ್ನು ಇಬ್ಬರೂ ಕೊಡಲಿಲ್ಲ.

ಹಾಗಾದರೆ ಜನ ಬೀಳುವುದು ಏಕೆ? ದುಂದುಗಾರಿಕೆಯೂ ಒಂದು ಕಾರಣ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿಯೂ ಮನುಷ್ಯ ಸ್ವಭಾವವನ್ನು ಬಲ್ಲವರ ಕೈವಾಡವಿದೆ. ಅಮೆರಿಕದ ಇಬ್ಬರು ವಿದ್ವಾಂಸರು, ಪ್ರೆಲೆಕ್ ಮತ್ತು ಸೈಮೆಸ್ಟರ್, 2001ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೇಟುಗಳನ್ನು ಹರಾಜಿಗಿಟ್ಟು, ಕೆಲವರಿಗೆ ನಗದು ಕೊಡಬೇಕೆಂದೂ ಕೆಲವರಿಗೆ ಕಾರ್ಡಿನಲ್ಲಿ ಕೊಡಬೇಕೆಂದೂ ಹೇಳಿದರು. ಕಾರ್ಡಿನವರು ಸರಾಸರಿ ಎರಡು ಪಟ್ಟಿಗೂ ಹೆಚ್ಚು ಕೂಗಿದರು. ನೋಟು ಎಣಿಸಿ ಕೊಡುವಾಗ ಕೈಗೆ ಆಗುವ ನೋವು ಕಾರ್ಡಿಗೆ ಇಲ್ಲ.

ಎರಡನೆಯ ಕಾರಣ, ಕಾರ್ಡಿನ ಮಿತಿಯನ್ನು ಆದಾಯವೆಂದು ಭ್ರಮಿಸುವುದು. ಮೂರು ಲಕ್ಷದ ಮಿತಿಯೆಂದರೆ ನೀವು ಮೂರು ಲಕ್ಷದವರೆಗೆ ಸಾಲಗಾರರಾಗಬಹುದು ಎಂದಷ್ಟೇ ಅರ್ಥ. ಮೂರನೆಯದು, ಕೆಲಸ ಹೋಗುವುದು, ಕಾಯಿಲೆ, ಮಕ್ಕಳ ಶುಲ್ಕ. ಆಪತ್ಕಾಲದ ಗಂಟು ಇಲ್ಲದ ಮನೆಗೆ ಕಾರ್ಡೇ ಆಪದ್ಬಾಂಧವನಾಗಿ ಬರುತ್ತದೆ. ನಾಲ್ಕನೆಯದು, ನಿಯಮಗಳನ್ನು ಅರಿಯದಿರುವುದು. ಬಿಲ್ಲಿನಲ್ಲಿ ಸ್ವಲ್ಪ ಬಾಕಿ ಉಳಿಸಿದರೆ ಬಡ್ಡಿರಹಿತ ಅವಧಿಯೇ ತಪ್ಪಿಹೋಗುತ್ತದೆ. ಅನಂತರ ಕೊಂಡ ಪ್ರತಿ ವಸ್ತುವಿಗೂ ಕೊಂಡ ದಿನದಿಂದಲೇ ಬಡ್ಡಿ. ಕಾರ್ಡಿನಿಂದ ನಗದು ತೆಗೆದರಂತೂ ಮೊದಲ ದಿನದಿಂದ ಬಡ್ಡಿ, ಜೊತೆಗೆ ಶುಲ್ಕ. ಇದನ್ನು ಬಲ್ಲವರೆಷ್ಟು ಮಂದಿ?

“ಎಲ್ಲವನ್ನೂ ಷರತ್ತುಗಳಲ್ಲಿ ಬರೆದಿರುತ್ತಾರಲ್ಲ, ಓದಿ ಸಹಿ ಮಾಡಬೇಕಿತ್ತು” ಎನ್ನುತ್ತಾರೆ ನನ್ನ ಷಡ್ಡಕರು. ಸರಿ, ಈ ವಾದಕ್ಕೆ ದೊಡ್ಡ ಇತಿಹಾಸವೇ ಇದೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಕಾರ್ಡ್ ಬಡ್ಡಿ ವಿಧಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ತೀರ್ಪಿತ್ತಿತು. 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಬಡ್ಡಿಯ ವಿಷಯ ರಿಸರ್ವ್ ಬ್ಯಾಂಕಿನ ಕ್ಷೇತ್ರ, ಗ್ರಾಹಕರು ಷರತ್ತುಗಳನ್ನು ತಿಳಿದು ಒಪ್ಪಿಕೊಂಡವರು ಎಂಬುದು ಆ ತೀರ್ಪಿನ ಹಾದಿ. ನ್ಯಾಯಾಲಯದ ಮಾತು ಕಾನೂನಿನ ಮಾತು, ತಲೆಬಾಗುತ್ತೇನೆ. ಆದರೆ “ತಿಳಿದು” ಎಂಬ ಪದ ಮೇಷ್ಟರಿಗೆ ಸೇರಿದ್ದು. ಸಹಿ ಮಾಡಿದವನೆಲ್ಲ ತಿಳಿದವನಾದರೆ, ಹಾಜರಿ ಹಾಕಿದವರೆಲ್ಲ ಉತ್ತೀರ್ಣರಾಗಬೇಕಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ರಿಸರ್ವ್ ಬ್ಯಾಂಕ್ ಕೈಕಟ್ಟಿ ಕುಳಿತಿಲ್ಲ. ಅದರ ನಿರ್ದೇಶನಗಳ ಪ್ರಕಾರ ಕೇಳದವರಿಗೆ ಕಾರ್ಡು ಕೊಡುವಂತಿಲ್ಲ, ಕೇಳದೆ ಮಿತಿ ಏರಿಸುವಂತಿಲ್ಲ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಿರೆಂದು ಕೋರಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕನಿಗೇ ಸಲ್ಲುತ್ತದೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ತಿಂಗಳು, ವರ್ಷಗಳವರೆಗೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿ ಮುದ್ರಿಸಬೇಕು. ನನ್ನ ಶಿಷ್ಯನ ಬಿಲ್ಲಿನಲ್ಲಿಯೂ ಅದು ಇತ್ತು, ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. “ಕನಿಷ್ಠ ಮೊತ್ತ” ಮಾತ್ರ ದಪ್ಪಕ್ಷರದಲ್ಲಿತ್ತು. ಯಾವುದನ್ನು ನಾವು ಓದಬೇಕೆಂದು ಅವರು ಬಯಸುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಾನು ಕಾರ್ಡಿನ ವೈರಿಯಲ್ಲ. ಪೂರ್ತಿ ಬಿಲ್ಲನ್ನು ಗಡುವಿನೊಳಗೆ ಕಟ್ಟುವವನಿಗೆ ಅದು ಕೆಲವು ವಾರಗಳ ಬಡ್ಡಿಯಿಲ್ಲದ ಕೈಗಡ. ಆದ್ದರಿಂದ ಹಳೆಯ ಅಭ್ಯಾಸದಂತೆ ಮನೆಪಾಠ ಕೊಡುತ್ತೇನೆ.

ಬಿಲ್ಲಿನ ಪೂರ್ಣ ಮೊತ್ತ ಖಾತೆಯಿಂದ ತಾನಾಗಿಯೇ ಕಡಿತವಾಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಪೂರ್ಣ ಮೊತ್ತ, ಕನಿಷ್ಠವಲ್ಲ. ಕಾರ್ಡಿನಿಂದ ನಗದು ತೆಗೆಯಬೇಡಿ. ಒಂದು ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು ಹುಡುಕಬೇಡಿ.

ಈಗಾಗಲೇ ಸಿಲುಕಿದ್ದರೆ, ಮೊದಲು ಆ ಕಾರ್ಡಿನ ಬಳಕೆಯನ್ನು ನಿಲ್ಲಿಸಿ. ಮನೆಯವರಿಗೆ ಹೇಳಿ. ನೌಕರರ ಸಹಕಾರ ಸಂಘವೋ, ಚಿನ್ನದ ಸಾಲವೋ, ಬ್ಯಾಂಕಿನ ವೈಯಕ್ತಿಕ ಸಾಲವೋ, ಎಲ್ಲಿ ಬಡ್ಡಿ ಕಡಿಮೆಯೋ ಅಲ್ಲಿಂದ ತಂದು ಕಾರ್ಡಿನ ಬಾಕಿಯನ್ನು ಒಮ್ಮೆಗೇ ತೀರಿಸಿ. ಅದಾಗದಿದ್ದರೆ ಪ್ರತಿ ತಿಂಗಳೂ ಇಳಿಯದ ಒಂದು ಮೊತ್ತವನ್ನು ನೀವೇ ನಿಗದಿ ಮಾಡಿಕೊಂಡು ಕಟ್ಟಿ. ಮೇಲಿನ ಲೆಕ್ಕದ ಒಂದು ಲಕ್ಷಕ್ಕೆ ತಿಂಗಳಿಗೆ 10,000ದಂತೆ ಕಟ್ಟಿದರೆ ಹದಿನಾಲ್ಕು ತಿಂಗಳೊಳಗೆ ತೀರುತ್ತದೆ. ಹಲವು ಕಾರ್ಡುಗಳಿದ್ದರೆ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ.

ವಸೂಲಿಗಾರರಿಗೆ ಹೆದರಬೇಡಿ. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಅವರು ಕರೆ ಮಾಡುವಂತಿಲ್ಲ. ಬಂಧುಗಳ ಮುಂದೆ ಅವಮಾನಿಸುವಂತಿಲ್ಲ. ಬ್ಯಾಂಕಿಗೆ ಲಿಖಿತ ದೂರು ಕೊಡಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ.

ಹಿರಿಯರಿಗೂ ಒಂದು ಮನೆಪಾಠವಿದೆ. ಮಗನೋ ಸೊಸೆಯೋ ಅಳಿಯನೋ ಸಾಲದ ಮಾತೆತ್ತಿದರೆ ಗಾದೆಗಳನ್ನು ಹೇಳಬೇಡಿ. ಕನ್ನಡಕ ಹಾಕಿಕೊಂಡು, “ಎಲ್ಲಿ, ಬಿಲ್ಲು ತೋರಿಸು” ಎನ್ನಿ.

ನನ್ನ ಶಿಷ್ಯನಿಗೆ ನಾನು ಹಣ ಕೊಡಲಿಲ್ಲ. ನನ್ನ ಪಿಂಚಣಿಗೆ ಆ ಶಕ್ತಿಯಿಲ್ಲ. ಅವನು ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಆಕೆ ಬೈಯಲಿಲ್ಲವಂತೆ, ತನ್ನ ಸಂಘದಿಂದ ಶೇಕಡಾ 12ರ ಬಡ್ಡಿಗೆ ಸಾಲ ಎತ್ತಿ ಕಾರ್ಡಿನ ಬಾಕಿಯನ್ನು ಒಂದೇ ವಾರದಲ್ಲಿ ಕಟ್ಟಿಸಿದಳಂತೆ. ಎರಡು ವರ್ಷ ಮುಚ್ಚಿಟ್ಟ ಸಂಗತಿಗೆ ಪರಿಹಾರ ಅವನ ಅಡುಗೆಮನೆಯಲ್ಲಿಯೇ ಇತ್ತು.

ನಿಮ್ಮಲ್ಲಿ ಇನ್ನೂ ಯಾರಾದರೂ ಅಂದು ನನ್ನ ಹಾಸ್ಯಕ್ಕೆ ನಗುತ್ತ ಒಳಗೊಳಗೇ ಕುಗ್ಗಿದ್ದರೆ, ಕ್ಷಮಿಸಿ. ಬಿಲ್ಲು ತೆಗೆದುಕೊಂಡು ಬನ್ನಿ. ನಮ್ಮ ಮನೆಯಲ್ಲಿ ಕಾಫಿಯೂ ಇದೆ, ಪೆನ್ಸಿಲೂ ಇದೆ. ಭಾಷಣ ಮಾತ್ರ ಇರುವುದಿಲ್ಲ.

ನಿಮ್ಮ ಮೇಷ್ಟರು