ಹಳೆ ಕಾರು ಅಪ್ಪನಿಗಿರಲಿ

ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕದವರು ತಮ್ಮ ಭಾವನಿಗೆ ಹೇಳುತ್ತಿದ್ದರು: "ಮಗನಿಗೆ ಹದಿನೆಂಟು ತುಂಬ್ತು ಭಾವ, ಡಿ.ಎಲ್. ಕೂಡ ಬಂತು. ಎಲ್ಲಾದ್ರೂ ಒಂದು ಹಳೆ ಗಾಡಿ ಇದ್ರೆ ಹೇಳಿ. ಹೇಗೂ ಮೊದಲ ವರ್ಷ ಒಂದೆರಡು ಕಡೆ ಗುದ್ದಿಸ್ಕೊಂಡೇ ಬರ್ತಾನೆ. ಕೈ ಪಳಗಿದ ಮೇಲೆ ಒಳ್ಳೇದು ಕೊಡಿಸಿದ್ರಾಯ್ತು." ಭಾವ ತಲೆಯಾಡಿಸಿದರು. ಎದುರು ಸಾಲಿನವರೂ ತಲೆಯಾಡಿಸಿದರು. ಕಾರು ಕೊಳ್ಳುವ ಶಕ್ತಿ ಬಂದ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಇದು ಚರ್ಚೆಯೇ ಬೇಡದ ಜಾಣತನ.

ಈ ಜಾಣತನ ಪೂರ್ತಿ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದು ಪಳಗಿದ ಅಪ್ಪ ಆರು ಏರ್‌ಬ್ಯಾಗಿನ ಹೊಸ ಕಾರಿನಲ್ಲಿ ಆಫೀಸಿಗೆ ಹೋಗುತ್ತಾನೆ. ಮೊನ್ನೆ ಮೊನ್ನೆ ಎಲ್ ಬೋರ್ಡು ಕಿತ್ತ ಮಗನಿಗೆ ಹತ್ತು ಹನ್ನೆರಡು ವರ್ಷದ ಹಳೆಯ, ಏರ್‌ಬ್ಯಾಗೂ ಇಲ್ಲದ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ಸೂ ಇಲ್ಲದ ಡಬ್ಬ. ಗುದ್ದುತ್ತಾನೆ ಎಂದು ಮೊದಲೇ ಗೊತ್ತಿದ್ದ ಮೇಲೆ, ಗುದ್ದಿದಾಗ ಉಳಿಸುವ ಕಾರನ್ನಲ್ಲವೇ ಅವನಿಗೆ ಕೊಡಬೇಕಾದ್ದು? ನಮ್ಮ ಮನೆಗಳಲ್ಲಿ ಕಾರು ಹಂಚಿಕೆಯಾಗುವುದು ಅಪಾಯದ ಲೆಕ್ಕದಲ್ಲಲ್ಲ, ಹಿರಿತನದ ಲೆಕ್ಕದಲ್ಲಿ. ಒಳ್ಳೆಯ ಕುರ್ಚಿ ಯಾರಿಗೋ ಒಳ್ಳೆಯ ಕಾರೂ ಅವರಿಗೇ.

ಮೊದಲು ವಯಸ್ಸಿನ ಮಾತು ಮುಗಿಸಿಬಿಡೋಣ. ನಮ್ಮಲ್ಲಿ ಕಾರು ಓಡಿಸಲು ಹದಿನೆಂಟು ತುಂಬಿರಲೇಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೋ ವಾಹನದ ಮಾಲೀಕರಿಗೋ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "ನಮ್ಮ ಹುಡುಗ ಹದಿನೈದಕ್ಕೇ ಎಷ್ಟು ಚೆಂದ ಓಡಿಸ್ತಾನೆ ಗೊತ್ತಾ" ಎನ್ನುವ ಅಪ್ಪಂದಿರ ಜೊತೆ ನನಗೆ ವಾದವಿಲ್ಲ. ಅವರೊಂದಿಗೆ ನ್ಯಾಯಾಧೀಶರು ಮಾತಾಡಲಿ. ನಾನು ಹೇಳುತ್ತಿರುವುದು ಹದಿನೆಂಟು, ಹತ್ತೊಂಬತ್ತರ ಮಕ್ಕಳ ವಿಷಯ.

ಆ ವಯಸ್ಸಿನವರು ಗುದ್ದುವುದು ಸೊಕ್ಕಿನಿಂದ ಎಂದು ಹಿರಿಯರ ನಂಬಿಕೆ. ಸೊಕ್ಕು ಇಲ್ಲವೆಂದಲ್ಲ. ಆದರೆ ಬಹಳಷ್ಟು ಸಲ ಅವರಿಗೆ ಅಪಾಯ ಕಾಣುವುದೇ ಇಲ್ಲ. ನಿಂತ ಬಸ್ಸಿನ ಮುಂದಿನಿಂದ ಯಾರೋ ದಾಟಬಹುದು, ಎದುರಿನ ಆಟೋ ಸಿಗ್ನಲ್ ಹಾಕದೆ ತಿರುಗಬಹುದು ಎಂಬ ಎಚ್ಚರ ಪುಸ್ತಕದಿಂದ ಬರುವುದಿಲ್ಲ, ವರ್ಷಗಟ್ಟಲೆ ಓಡಿಸಿ ಬರುವಂಥದ್ದು. ಅಮೆರಿಕದ ಲೆಕ್ಕ ನೋಡಿದರೆ, ಓಡಿಸಿದ ಪ್ರತಿ ಮೈಲಿಗೆ 16ರಿಂದ 19ರ ವಯಸ್ಸಿನವರು ಪ್ರಾಣಾಂತಿಕ ಅಪಘಾತಕ್ಕೆ ಸಿಲುಕುವ ಪ್ರಮಾಣ 20 ದಾಟಿದವರದ್ದಕ್ಕಿಂತ ಸುಮಾರು ಮೂರು ಪಟ್ಟು. ಅಲ್ಲಿನ ರಸ್ತೆ ಬೇರೆ, ಶಿಸ್ತು ಬೇರೆ ಎನ್ನಬಹುದು. ನಮ್ಮ ರಸ್ತೆಗಳು ಹೊಸಬರಿಗೆ ಅದಕ್ಕಿಂತ ದಯೆ ತೋರಿಸುತ್ತವೆ ಎಂದು ಮಾತ್ರ ಯಾರೂ ಹೇಳಲಾರರು.

ಹಳೆ ಗಾಡಿಯ ಪರವಾಗಿ ಬರುವ ಮೊದಲ ಮಾತು ಕಬ್ಬಿಣದ್ದು. "ಆಗಿನ ಗಾಡಿ ಅಂದ್ರೆ ಏನು ಗಟ್ಟಿ! ಈಗಿನವು ತಗಡು, ಕೈಯಿಟ್ಟರೆ ಒಳಗೆ ಹೋಗ್ತವೆ." ಅಂಬಾಸಿಡರ್ ಓಡಿಸಿದ ತಲೆಮಾರಿನವರು ಇದನ್ನು ಹೇಳುವಾಗ ಅವರ ದನಿಯಲ್ಲಿ ಒಂದು ಭಕ್ತಿ ಇರುತ್ತದೆ. ಈ ನಂಬಿಕೆಗೆ 2009ರಲ್ಲಿ ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಎಂಬ ಸಂಸ್ಥೆ ಕಣ್ಣೆದುರೇ ಉತ್ತರ ಕೊಟ್ಟಿತು. ತನ್ನ ಐವತ್ತನೇ ವರ್ಷಕ್ಕೆ ಅದು 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಗುದ್ದಿಸಿತು. ಬೆಲ್ ಏರ್ ನೋಡಲು ಅರಮನೆಯಂಥ ಗಾಡಿ, ಉದ್ದಕ್ಕೂ ದಪ್ಪ ಉಕ್ಕು. ಗುದ್ದಿದ ಕ್ಷಣದಲ್ಲಿ ಅದರ ಕ್ಯಾಬಿನ್ನೇ ಕುಸಿದು, ಸ್ಟೇರಿಂಗ್ ಚಾಲಕನ ಜಾಗದಲ್ಲಿದ್ದ ಬೊಂಬೆಯ ಮೇಲೆ ಬಂತು. ಅಲ್ಲಿ ಮನುಷ್ಯ ಇದ್ದಿದ್ದರೆ ಸಾಯುತ್ತಿದ್ದ. ಮಾಲಿಬುವಿನ ಮೂತಿ ಜಜ್ಜಿಹೋಯಿತು, ಕ್ಯಾಬಿನ್ ಮಾತ್ರ ನಿಂತಿತು. ಅದರ ಚಾಲಕನಿಗೆ ಹೆಚ್ಚೆಂದರೆ ಪಾದಕ್ಕೆ ಪೆಟ್ಟಾಗುತ್ತಿತ್ತು.

ಕಾರಣ ಸರಳ. ಓಡುವ ಗಾಡಿಯ ಶಕ್ತಿ ಗುದ್ದಿದಾಗ ಎಲ್ಲಾದರೂ ಖರ್ಚಾಗಲೇಬೇಕು. ಮುಂಭಾಗ ಮಡಿಚಿಕೊಂಡು ಅದನ್ನು ನುಂಗದಿದ್ದರೆ ಒಳಗಿರುವ ದೇಹ ನುಂಗಬೇಕಾಗುತ್ತದೆ. ಮುಂದೆ ಹಿಂದೆ ಮಡಿಚಿಕೊಳ್ಳುವ ಭಾಗ, ನಡುವೆ ಜಗ್ಗದ ಕೋಣೆ ಎಂಬ ಈ ವಿನ್ಯಾಸವನ್ನು ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬರೆನಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಮಾಡಿಸಿದ್ದ. ಅದನ್ನು ಅಳವಡಿಸಿದ ಮೊದಲ ಕಾರು ಜರ್ಮನಿಯಲ್ಲಿ ಹೊರಬಂದದ್ದು 1959ರಲ್ಲಿ, ಆ ಬೆಲ್ ಏರ್ ಹುಟ್ಟಿದ ವರ್ಷದಲ್ಲೇ. ನಮ್ಮ ಅಂಬಾಸಿಡರ್ ಮಾತ್ರ ಐವತ್ತರ ದಶಕದ ಮಾರಿಸ್ ಆಕ್ಸ್‌ಫರ್ಡ್ ಮೈಕಟ್ಟನ್ನೇ ಹೊತ್ತುಕೊಂಡು 2014ರವರೆಗೆ ಉತ್ತರಪಾರಾ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು. ಗಾಡಿಗೆ ಏನೂ ಆಗಲಿಲ್ಲ ಎಂದು ನಾವು ಮೆಚ್ಚಿದ ಎಷ್ಟೋ ಅಪಘಾತಗಳಲ್ಲಿ ಗಾಡಿಗೆ ಆಗಬೇಕಾದದ್ದು ಮನುಷ್ಯರಿಗೆ ಆಗಿದೆ.

ಇನ್ನು ಕೆಲವರದು ಎತ್ತರದ ನಂಬಿಕೆ: ದೊಡ್ಡ ಜೀಪಿನಂಥದು ಕೊಡಿಸಿದರೆ ಭಯವಿಲ್ಲ ಎಂದು. 2016ರಲ್ಲಿ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋವನ್ನು ಗುದ್ದಿಸಿ ನೋಡಿದಾಗ ಸಿಕ್ಕದ್ದು ಸೊನ್ನೆ ಸ್ಟಾರ್. ಅದಕ್ಕೂ ಮೊದಲು 2014ರಲ್ಲಿ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಐದಕ್ಕೂ ಸೊನ್ನೆಯೇ ಬಂದಿತ್ತು. ಅದರಲ್ಲಿ ಪೋಲೊದ ಕತೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗೋಡೆಗೆ ಅಂಟಿಸಿಕೊಳ್ಳಬೇಕಾದದ್ದು. ಅದೇ ಕಾರಿಗೆ ಎರಡು ಏರ್‌ಬ್ಯಾಗ್ ಹಾಕಿ ಪರೀಕ್ಷಿಸಿದಾಗ ನಾಲ್ಕು ಸ್ಟಾರ್ ಬಂತು. ಬಾಗಿಲು, ಬಾನೆಟ್ಟು, ಹೆಸರು ಎಲ್ಲ ಒಂದೇ. ಬೇಸ್ ಮಾಡೆಲ್ಲಿಗೂ ಟಾಪ್ ಮಾಡೆಲ್ಲಿಗೂ ನಡುವೆ ಇದ್ದದ್ದು ಸೊನ್ನೆಗೂ ನಾಲ್ಕಕ್ಕೂ ಇರುವ ವ್ಯತ್ಯಾಸ. ನಾವು ಮಾತ್ರ ಆ ವ್ಯತ್ಯಾಸವನ್ನು ಅಲಾಯ್ ವೀಲು ಮತ್ತು ಮ್ಯೂಸಿಕ್ ಸಿಸ್ಟಮ್ ಎಂದುಕೊಂಡಿದ್ದೆವು.

ಆದ್ದರಿಂದ ಹಳೆ ಕಾರು ಕೊಳ್ಳುವಾಗ ಮೊದಲು ನೋಡಬೇಕಾದ್ದು ಕಿಲೋಮೀಟರ್ ಅಲ್ಲ. ಮೀಟರ್ ತಿರುಗಿಸುವವರು ಎಲ್ಲ ಊರಿನಲ್ಲೂ ಇದ್ದಾರೆ. ನೋಡಬೇಕಾದ್ದು ತಯಾರಾದ ತಿಂಗಳು, ವರ್ಷ. ಆರ್‌ಸಿಯಲ್ಲಿ ನೋಂದಣಿಯ ದಿನದ ಜೊತೆ ಅದೂ ಇರುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್, ಜುಲೈನಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವ ಎಚ್ಚರಿಕೆ, 80 ದಾಟಿದರೆ ಬೀಪ್ ಎನ್ನುವ ವೇಗದ ಎಚ್ಚರಿಕೆ ಕಡ್ಡಾಯವಾದವು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಬಂದದ್ದು 2021ರ ಕೊನೆಗೆ. ಈ ಗೆರೆಗಳಿಗಿಂತ ಹಿಂದಿನ ಕಾರು ಮಕ್ಕಳಿಗಾದರೆ ಟಾಪ್ ಮಾಡೆಲ್ಲೇ ಆಗಿರಬೇಕು, ಇಲ್ಲವೇ ಬೇಡ. ಗಾಡಿ ಜಾರುವಾಗ ಹಿಡಿದು ನಿಲ್ಲಿಸುವ ಇಎಸ್‌ಸಿ ಇದ್ದರಂತೂ ಹತ್ತು ಸಾವಿರ ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಬೇಕು. ಬೇರೆ ಗಾಡಿ ಅಡ್ಡ ಬಾರದೆ ತಾನಾಗಿಯೇ ಹೋಗಿ ಗುದ್ದುವ ಪ್ರಾಣಾಂತಿಕ ಅಪಘಾತಗಳನ್ನು ಅದು ಸುಮಾರು ಅರ್ಧಕ್ಕಿಳಿಸುತ್ತದೆ ಎಂದು ಬೆಲ್ ಏರ್ ಗುದ್ದಿಸಿದ ಅಮೆರಿಕದ ಅದೇ ಸಂಸ್ಥೆ ಕಂಡುಕೊಂಡಿದೆ. ಹೊಸಬರು ಮಾಡಿಕೊಳ್ಳುವುದು ಹೆಚ್ಚಾಗಿ ಅಂಥವನ್ನೇ.

ಕಾಗದದಲ್ಲಿ ಇರುವ ಏರ್‌ಬ್ಯಾಗ್ ಗಾಡಿಯಲ್ಲೂ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ, ಹತ್ತಲೇ ಇಲ್ಲವೆಂದರೆ ಇನ್ನೂ ಅನುಮಾನ, ಹಿಂದೊಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಮತ್ತೆ ಹಾಕಿಸದೆ ದೀಪದ ಬಾಯಿ ಮುಚ್ಚಿಸಿರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಮಡಿಕೆಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಿನಲ್ಲಿ ಮುಳುಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ತೇಲಿದ ಕಾರುಗಳೆಲ್ಲ ಗುಜರಿಗೇ ಹೋದವು ಎಂದು ನಂಬುವಷ್ಟು ಮುಗ್ಧರಾಗಬೇಕಿಲ್ಲ. ಟೈರಿನ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದರೆ 2019ರ 23ನೇ ವಾರದ ಟೈರು. ಅದು ಸವೆಯದೆ ಹೊಳೆಯುತ್ತಿದ್ದರೂ ಹಳೆಯದೇ, ಬದಲಾಯಿಸಿ. ಎಬಿಎಸ್ ಎಷ್ಟು ಚುರುಕಾಗಿದ್ದರೂ ರಸ್ತೆಯನ್ನು ಹಿಡಿಯುವುದು ಟೈರು.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಬಣ್ಣ, ಫ್ಯಾನ್ಸಿ ನಂಬರು, ರೀಸೇಲ್ ವ್ಯಾಲ್ಯೂ ಇವನ್ನು ಬಿಟ್ಟುಬಿಡುತ್ತೇನೆ. ತೂಕದ ಆಕ್ಷೇಪಗಳು ಎರಡಿವೆ.

ಒಂದು, ದುಡ್ಡು. ಗೃಹಸಾಲ, ಕಾಲೇಜು ಶುಲ್ಕಗಳ ನಡುವೆ ಹೊಸ ಸುರಕ್ಷಿತ ಕಾರು ಎಲ್ಲಿಂದ ತರುವುದು? ನ್ಯಾಯವಾದ ಪ್ರಶ್ನೆ. ಆದರೆ ನಾನು ಹೇಳುತ್ತಿರುವುದು ಹೆಚ್ಚು ಖರ್ಚು ಮಾಡಿ ಎಂದಲ್ಲ. ಹತ್ತು ವರ್ಷ ಹಳೆಯ ದೊಡ್ಡ ಸೆಡಾನಿನ ಬೆಲೆಗೆ ನಾಲ್ಕೈದು ವರ್ಷ ಹಳೆಯ ಚಿಕ್ಕ ಕಾರು ಸಿಗುತ್ತದೆ. ದೊಡ್ಡಸ್ತಿಕೆ ಬಿಟ್ಟು ಹೊಸತನ ಹಿಡಿಯಿರಿ ಎಂದಷ್ಟೇ. ಮನೆಯಲ್ಲಿ ಈಗಾಗಲೇ ಒಂದು ಒಳ್ಳೆಯ ಕಾರಿದ್ದರೆ ಅಷ್ಟೂ ಬೇಡ: ಹಳೆಯದನ್ನು ಕೊಂಡು ಅಪ್ಪ ಓಡಿಸಲಿ, ಮಗ ಮನೆಯ ಕಾರು ಓಡಿಸಲಿ. ಈ ಸಲಹೆಗೆ ಬರುವ ವಿರೋಧ ದುಡ್ಡಿನದ್ದಲ್ಲ, ಆಫೀಸಿನ ಪಾರ್ಕಿಂಗಿನಲ್ಲಿ ಹಳೆ ಗಾಡಿಯಿಂದ ಇಳಿಯಬೇಕಾದ ಸಂಕೋಚದ್ದು. ಇನ್ನು ದುಡ್ಡಿಲ್ಲವೆಂದು ಸ್ಕೂಟರ್ ಕೊಡಿಸುವವರು, ಅದರಲ್ಲೂ ಮಗಳಿಗೆ ಕಾರಿನ ಮಾತೇ ಎತ್ತದೆ ಸ್ಕೂಟರೇ ಕ್ಷೇಮ ಎಂದುಕೊಂಡವರು, ಒಂದು ಲೆಕ್ಕ ನೋಡಲಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇ. 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ರಕ್ಷಣೆ ಹೆಚ್ಚಿದಷ್ಟೂ ಮನುಷ್ಯ ಹುಂಬನಾಗುತ್ತಾನೆ ಎಂಬುದು. ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲೇ ಇದನ್ನು ವಾದಿಸಿದ: ಕಾರು ಸುರಕ್ಷಿತವಾದರೆ ಚಾಲಕ ಆ ಉಳಿತಾಯವನ್ನು ವೇಗದಲ್ಲಿ ಖರ್ಚು ಮಾಡುತ್ತಾನೆ, ಅದರ ಬಿಲ್ಲು ರಸ್ತೆಯಲ್ಲಿ ನಡೆಯುವವನಿಗೆ ಹೋಗುತ್ತದೆ. ಹಳೆಯ ಲಾರಿ ಚಾಲಕರೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ; ಬ್ರೇಕು ನೆಟ್ಟಗಿಲ್ಲದ ಗಾಡಿಯಲ್ಲಿ ಕಲಿತವನೇ ಅಂತರ ಬಿಟ್ಟು ಓಡಿಸುತ್ತಾನೆ ಎಂದು. ಪೆಲ್ಟ್ಸ್‌ಮನ್ ಲೆಕ್ಕವನ್ನು ನಂತರದ ಅಧ್ಯಯನಗಳು ಪೂರ್ತಿಯಾಗಿ ಒಪ್ಪಿಲ್ಲ. ಅಲ್ಲದೆ ಅಪಾಯವೇ ಕಾಣದ ಹೊಸಬ ಏರ್‌ಬ್ಯಾಗ್ ಎಣಿಸಿ ಅಪಾಯಕ್ಕೆ ಇಳಿಯುತ್ತಾನೆ ಎನ್ನುವುದೂ ಕಷ್ಟ. ಆದರೂ ಈ ಮಾತಿನೊಳಗೆ ಒಂದು ನಿಜ ಇದೆ, ಅದನ್ನು ಜಾರಿಸಬಾರದು. ಸ್ಟಾರುಗಳು ಮುಖ್ಯವಾಗಿ ಎಣಿಸುವುದು ಒಳಗಿದ್ದವರ ಪ್ರಾಣ. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗ ಪೋರ್ಷೆ ನುಗ್ಗಿಸಿದಾಗ ಸತ್ತದ್ದು ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು. ಹುಡುಗನಿಗೆ ಮೊದಲು ಸಿಕ್ಕ ಜಾಮೀನಿನ ಷರತ್ತುಗಳಲ್ಲಿ 300 ಪದಗಳ ಪ್ರಬಂಧ ಬರೆಯುವುದೂ ಒಂದು! ಆದ್ದರಿಂದ ಸುರಕ್ಷಿತ ಕಾರು ಎಂದರೆ ಸಾಲದು, ಸಾಧಾರಣ ಎಂಜಿನ್ನಿನ ಸುರಕ್ಷಿತ ಕಾರು ಎನ್ನಬೇಕು. ಹದಿನೆಂಟಕ್ಕೆ ಟರ್ಬೊ ಕೊಡಿಸುವ ಅಪ್ಪ ಮಗನ ಜೀವ ಉಳಿಸುವ ಲೆಕ್ಕದಲ್ಲಿ ಇನ್ಯಾರದೋ ಮಗನನ್ನು ಪಣಕ್ಕಿಡುತ್ತಿದ್ದಾನೆ.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ಕಾರು ಮಗನದ್ದೋ, ಮನೆಯದ್ದೋ? 2009ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮದೇ ಎನ್ನುವಂಥ ಕಾರು ಇದ್ದ ಹದಿಹರೆಯದವರು ಮನೆಯವರ ಜೊತೆ ಕಾರು ಹಂಚಿಕೊಂಡವರಿಗಿಂತ ಎರಡು ಪಟ್ಟು ಹೆಚ್ಚು ಅಪಘಾತ ಮಾಡಿಕೊಂಡಿದ್ದರು. ಕೀಲಿ ಕೇಳಿ ಪಡೆಯಬೇಕಾದಾಗ "ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ ಬರ್ತೀಯ" ಎಂಬ ಮೂರು ಪ್ರಶ್ನೆ ತಾನಾಗಿ ಬರುತ್ತವೆ. ಹುಟ್ಟುಹಬ್ಬದ ಉಡುಗೊರೆಯಾಗಿ ರಿಬ್ಬನ್ ಕಟ್ಟಿ ಕೊಟ್ಟ ಕಾರಿಗೆ ಆ ಪ್ರಶ್ನೆಗಳನ್ನು ಕೇಳುವ ಹಕ್ಕನ್ನು ಅಪ್ಪ ಅಮ್ಮ ತಾವೇ ಬಿಟ್ಟುಕೊಟ್ಟಿರುತ್ತಾರೆ.

ಸರ್ಕಾರ ಈ ಪ್ರಶ್ನೆಗಳನ್ನು ನಮ್ಮ ಪರವಾಗಿ ಕೇಳುವುದಿಲ್ಲ. ನ್ಯೂಜಿಲೆಂಡ್ 1987ರಿಂದಲೇ ಹೊಸ ಚಾಲಕರಿಗೆ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸ್ ಕೊಡುತ್ತಿದೆ. ಮೊದಲ ಹಂತಗಳಲ್ಲಿ ರಾತ್ರಿ ಒಬ್ಬರೇ ಓಡಿಸುವಂತಿಲ್ಲ, ಗೆಳೆಯರನ್ನು ತುಂಬಿಕೊಳ್ಳುವಂತಿಲ್ಲ. ನಮ್ಮಲ್ಲಿ ಆರ್‌ಟಿಒ ಟ್ರ್ಯಾಕಿನಲ್ಲಿ ಮುಂದಕ್ಕೂ ಹಿಂದಕ್ಕೂ ಓಡಿಸಿ ತೋರಿಸಿ ಕಾರ್ಡು ಕೈಗೆ ಬಂದ ರಾತ್ರಿಯೇ ನಾಲ್ವರು ಗೆಳೆಯರನ್ನು ಕೂರಿಸಿಕೊಂಡು ಮೈಸೂರು ಹೆದ್ದಾರಿಗೆ ಇಳಿಯಬಹುದು, ಕಾನೂನಿನ ತಕರಾರಿಲ್ಲ. ಹಾಗಾಗಿ ಆ ಮೆಟ್ಟಿಲುಗಳನ್ನು ಮನೆಯೇ ಕಟ್ಟಬೇಕು. ಮೊದಲ ಆರು ತಿಂಗಳು ಕತ್ತಲಾದ ಮೇಲೆ ಪಕ್ಕದಲ್ಲಿ ಹಿರಿಯರೊಬ್ಬರು, ಗೆಳೆಯರಲ್ಲಿ ಒಬ್ಬರಿಗಿಂತ ಹೆಚ್ಚಿಲ್ಲ, ಹಿಂದಿನ ಸೀಟಿನವರಿಗೂ ಬೆಲ್ಟ್, ಫೋನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ. ಬೆಲ್ಟು, ಫೋನಿನ ನಿಯಮ ಅಪ್ಪನಿಗೂ ಅನ್ವಯಿಸಬೇಕು. ಬೆಲ್ಟಿನ ಕೊಂಡಿಯನ್ನು ಬೆನ್ನ ಹಿಂದಿನಿಂದ ಸಿಕ್ಕಿಸಿ ಬೀಪ್ ನಿಲ್ಲಿಸುವವನ ಉಪದೇಶವನ್ನು ಯಾವ ಮಗನೂ ಕೇಳುವುದಿಲ್ಲ.

ಇಷ್ಟಕ್ಕೂ ಒಪ್ಪದ, ಹೊಸ ಕಾರು ತನಗೇ ಇರಲಿ ಎನ್ನುವ ಅಪ್ಪನಿಗೆ ಒಂದು ದಾರಿ ಇದ್ದೇ ಇದೆ. ಮಗನ ಕಾರನ್ನು ಎರಡು ವರ್ಷ ಮುಂದೂಡಲಿ, ಸದ್ಯಕ್ಕೆ ಬಿಎಂಟಿಸಿ ಪಾಸು ಮಾಡಿಸಿಕೊಡಲಿ. ಹಳೆ ಗಾಡಿಯೇ ಆದರೂ ಅದನ್ನು ಓಡಿಸುವವರು ಪಳಗಿದವರು.